ನಿಘಂಟಿನ ಅರ್ಥ, ಓಣಿಯ ಅರ್ಥ: ಬೆಳಗಾವಿ, ಖಾನಾಪುರದ ಬಾಯಲ್ಲಿ ಇಂಗ್ಲಿಷ್ ಶಬ್ದಗಳು

ಬೆಳಗಾವಿ ಜಿಲ್ಲೆಯ ಕಬ್ಬು ಬೆಳೆಗಾರ ‘ಬಿಲ್ ಇನ್ನೂ ಬಂದಿಲ್ರಿ’ ಎಂದರೆ ಅವನು ಯಾರಿಗೂ ಹಣ ಕೊಡಬೇಕಾಗಿಲ್ಲ. ಸಕ್ಕರೆ ಕಾರ್ಖಾನೆಯಿಂದ ಅವನಿಗೇ ಹಣ ಬರಬೇಕಾಗಿದೆ. ಇಂಗ್ಲಿಷ್ ನಿಘಂಟು ಬಿಲ್ ಎಂಬುದಕ್ಕೆ ಕೊಡಬೇಕಾದ ಮೊತ್ತದ ಚೀಟಿ ಎಂದು ಅರ್ಥ ಹೇಳುತ್ತದೆ. ಇಲ್ಲಿ ಅದು ಕೈಗೆ ಬರಬೇಕಾದ ದುಡ್ಡು. ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಆ ದುಡ್ಡು ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ವರ್ಷವಿಡೀ ನೀರು ಹಾಯಿಸಿ, ಗೊಬ್ಬರ ಹಾಕಿ, ಕಟಾವಿಗೆ ಕಾದ ಮನುಷ್ಯನ ಕಡೆಯಿಂದ ನೋಡಿದಾಗ ಶಬ್ದದ ಮುಖವೇ ತಿರುಗಿದೆ.

ಇಂಥ ನೂರಾರು ಶಬ್ದಗಳು ಬೆಳಗಾವಿ ನಗರದಲ್ಲೂ ಖಾನಾಪುರ ತಾಲ್ಲೂಕಿನಲ್ಲೂ ದಿನನಿತ್ಯ ಬಳಕೆಯಲ್ಲಿವೆ. ಕೆಲವು ಇಂಗ್ಲಿಷಿನ ಅರ್ಥ ಬಿಟ್ಟು ಊರಿನ ಅರ್ಥ ಪಡೆದವು. ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿದ್ದ ಕೆಲವು ಶಬ್ದಗಳು ನಮ್ಮ ನಾಲಗೆಯ ಮೇಲೆ ಒಂದಾದವು. ಇನ್ನು ಕೆಲವು ಕನ್ನಡದ ಅಥವಾ ಮರಾಠಿಯ ಶಬ್ದದೊಂದಿಗೆ ಸದ್ದಿನಲ್ಲಿ ಕೂಡಿಕೊಂಡವು. ಇವನ್ನು ತಪ್ಪು ಇಂಗ್ಲಿಷ್ ಎಂದು ತಿದ್ದಬೇಕೋ, ನಮ್ಮ ಮಾತಿನ ಆಸ್ತಿ ಎಂದು ಬರೆದಿಡಬೇಕೋ ಎಂಬುದು ಪ್ರಶ್ನೆ. ಬರೆದಿಡಬೇಕು ಎಂಬುದು ಈ ಲೇಖನದ ನಿಲುವು. ಅದರ ಜೊತೆಗೆ, ಯಾವ ಜಾಗದಲ್ಲಿ ಯಾವ ಅರ್ಥ ನಡೆಯುತ್ತದೆ ಎಂಬ ಅರಿವನ್ನು ಮಕ್ಕಳಿಗೆ ಕೊಡಬೇಕು.

ಕಿವಿಯಿಂದ ಬಂದದ್ದು, ಕಣ್ಣಿನಿಂದ ಬಂದದ್ದು

ಇಂಗ್ಲಿಷ್ ಈ ಊರಿಗೆ ಎರಡು ಕಡೆಯಿಂದ ಬಂತು. 1818ರಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ಕೈಸೇರಿತು. ಕೋಟೆಯ ಪಕ್ಕ ದಂಡಿನ ಪ್ರದೇಶ ಬೆಳೆಯಿತು. ಲಂಡನ್ ಮಿಷನ್ನಿನವರು 1820ರಲ್ಲಿ ಇಲ್ಲಿ ನೆಲೆಯೂರಿದರು. 1856ರಲ್ಲಿ ಸೇಂಟ್ ಪಾಲ್ಸ್ ಶಾಲೆ ಶುರುವಾಯಿತು. ಶಾಲೆಯ ಇಂಗ್ಲಿಷ್ ಪುಸ್ತಕದಿಂದ, ಕಣ್ಣಿನ ಮೂಲಕ ಬಂತು. ಅದಕ್ಕೆ ಕಾಗುಣಿತವಿತ್ತು, ನಿಘಂಟಿತ್ತು. ದಂಡಿನ ಇಂಗ್ಲಿಷ್ ಕಿವಿಯ ಮೂಲಕ ಬಂತು. ಕುದುರೆ ತಿಕ್ಕುವವರು, ಅಡುಗೆಯವರು, ಅಗಸರು, ಸಿಪಾಯಿಗಳು ಅದನ್ನು ಕೇಳಿದ ಹಾಗೆ ಹಿಡಿದರು, ಬೇಕಾದ ಹಾಗೆ ಬಳಸಿದರು. 1880ರ ದಶಕದಲ್ಲಿ ಲೋಂಡಾದ ಮೇಲೆ ಹಾದುಬಂದ ರೈಲು, ಖಾನಾಪುರದ ಕಾಡಿನಲ್ಲಿ ಬೇರೂರಿದ ಅರಣ್ಯ ಇಲಾಖೆ, ಆಮೇಲೆ ಮೋಟಾರು, ಆಸ್ಪತ್ರೆ, ಸಕ್ಕರೆ ಕಾರ್ಖಾನೆ ಎಲ್ಲವೂ ಈ ಕಿವಿಯ ಇಂಗ್ಲಿಷಿಗೆ ಹೊಸ ಶಬ್ದಗಳನ್ನು ಕೂಡಿಸಿದವು.

‘ಕ್ಯಾಂಪ್’ ಈ ದಾರಿಯಿಂದಲೇ ಬಂದದ್ದು. ನಿಘಂಟಿನ ಪ್ರಕಾರ ಕ್ಯಾಂಪ್ ಎಂದರೆ ಡೇರೆ ಹಾಕಿ ಕೆಲವು ದಿನ ಇದ್ದು ಹೋಗುವ ಜಾಗ. ಬೆಳಗಾವಿಯಲ್ಲಿ ಕ್ಯಾಂಪ್ ಎಂದರೆ ಶಾಲೆ, ಚರ್ಚು, ಬಜಾರುಗಳಿರುವ, ತಲೆಮಾರುಗಳಿಂದ ಗಟ್ಟಿಯಾಗಿ ನಿಂತ ಬಡಾವಣೆ. ‘ಪಲ್ಟನ್’ ಇನ್ನೂ ಸೊಗಸಾದ ಉದಾಹರಣೆ. ಇಂಗ್ಲಿಷಿನಲ್ಲಿ ಪ್ಲಟೂನ್ ಎಂದರೆ ಸಣ್ಣ ತುಕಡಿ, ಬೆಟಾಲಿಯನ್ ಎಂದರೆ ಅದಕ್ಕಿಂತ ಬಹಳ ದೊಡ್ಡ ಪಡೆ. ಸಿಪಾಯಿಯ ಬಾಯಲ್ಲಿ ಎರಡರ ಸದ್ದೂ ಬೆರೆತು ಪಲ್ಟನ್ ಆಗಿರಬೇಕು, ಅರ್ಥ ಮಾತ್ರ ದೊಡ್ಡ ಪಡೆಯದೇ ಉಳಿಯಿತು. ಮರಾಠಾ ಲಘು ಪದಾತಿದಳದ ಕೇಂದ್ರ ಇರುವುದು ಬೆಳಗಾವಿಯಲ್ಲಿ. 1768ರಲ್ಲಿ ಹುಟ್ಟಿದ ಅದರ ಮೊದಲನೇ ಬೆಟಾಲಿಯನ್ನಿಗೆ ಇಂದಿಗೂ ‘ಜಂಗಿ ಪಲ್ಟನ್’ ಎಂದೇ ಹೆಸರು. ಕೇಳಿಕೆಯಿಂದ ಹುಟ್ಟಿದ ಶಬ್ದ ಹೀಗೆ ಸೈನ್ಯದ ಗೌರವದ ಹೆಸರಾಗಿ ನಿಂತಿದೆ.

ಕೇಳಿದ್ದನ್ನು ತಮ್ಮ ನಾಲಗೆಗೆ ಒಗ್ಗಿಸಿಕೊಳ್ಳುವುದು ಎಲ್ಲ ಭಾಷೆಯವರ ರೂಢಿ. ಮೊಹರಂ ಮೆರವಣಿಗೆಯ ‘ಯಾ ಹಸನ್, ಯಾ ಹುಸೇನ್’ ಎಂಬ ಕೂಗು ಬ್ರಿಟಿಷ್ ಸೋಲ್ಜರುಗಳ ಬಾಯಲ್ಲಿ ‘ಹಾಬ್ಸನ್-ಜಾಬ್ಸನ್’ ಆಯಿತು. ಯೂಲ್ ಮತ್ತು ಬರ್ನೆಲ್ ಸಿದ್ಧಪಡಿಸಿದ, 1886ರಲ್ಲಿ ಪ್ರಕಟವಾದ ಆಂಗ್ಲೋ-ಇಂಡಿಯನ್ ಶಬ್ದಕೋಶಕ್ಕೆ ಅದೇ ಹೆಸರಾಯಿತು. ಅವರು ನಮ್ಮ ಶಬ್ದಗಳನ್ನು ತಿರುಚಿದ್ದು ಕೋಶಕ್ಕೆ ಯೋಗ್ಯವಾಗಿದ್ದರೆ, ನಾವು ಅವರ ಶಬ್ದಗಳನ್ನು ತಿದ್ದಿಕೊಂಡದ್ದಕ್ಕೂ ಅದೇ ಯೋಗ್ಯತೆ ಇದೆ. ನಮ್ಮ ವ್ಯಾಕರಣಕ್ಕೂ ಇದು ಹೊಸದಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ, ಸಂಸ್ಕೃತದ ಶಬ್ದಗಳು ಕನ್ನಡದ ನಾಲಗೆಗೆ ಒಗ್ಗುವಾಗ ಹೇಗೆ ಬದಲಾಗುತ್ತವೆ ಎಂಬುದಕ್ಕೆ ಅಪಭ್ರಂಶವೆಂಬ ಪ್ರಕರಣವನ್ನೇ ಮೀಸಲಿಟ್ಟ. ಸ್ಟೇಷನ್ ‘ಠೇಸನ್’ ಆದದ್ದು ಆ ಹಳೆಯ ದಾರಿಯಲ್ಲೇ.

ಎರಡು ಶಬ್ದ ಒಂದಾಗುವುದು

ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿದ್ದು ನಮ್ಮಲ್ಲಿ ಒಂದೇ ಸದ್ದಾಗುವುದಕ್ಕೆ ಕಾರಣಗಳು ಸ್ಪಷ್ಟ. ಅಚ್ಚಗನ್ನಡದಲ್ಲಿ ಇಂಗ್ಲಿಷಿನ ‘ಎಫ್’ ಸದ್ದಿಲ್ಲ, ‘ಝಡ್’ ಸದ್ದೂ ಇಲ್ಲ. ಇಂಗ್ಲಿಷಿನ ಹಲವು ಬಗೆಯ ಸ್ವರಗಳು ನಮ್ಮಲ್ಲಿ ಕೆಲವೇ ಸ್ವರಗಳಲ್ಲಿ ಸೇರಿಕೊಳ್ಳುತ್ತವೆ. ಹೀಗಾಗಿ ಮನೆ ಕಟ್ಟುವ ಜಾಗವಾದ ‘ಪ್ಲಾಟ್’ ಮತ್ತು ಕಟ್ಟಡದ ಮಹಡಿಯಲ್ಲಿರುವ ಮನೆಯಾದ ‘ಫ್ಲ್ಯಾಟ್’ ಒಂದರ ಮೇಲೊಂದು ಬೀಳುತ್ತವೆ. ಕೋಳಿ ಸಾಕುವ ಜಾಗವೂ ಫಾರಂ, ಕಚೇರಿಯಲ್ಲಿ ತುಂಬಿಕೊಡುವ ಕಾಗದವೂ ಫಾರಂ. ನೀರಿನ ಕೊಳವೆಯ ವಾಲ್ವು ಓಣಿಯಲ್ಲಿ ‘ವಾಲ್’ ಆಗುತ್ತದೆ, ಅದನ್ನು ತಿರುಗಿಸುವವನು ‘ವಾಲ್‌ಮನ್’.

ಇಂಗ್ಲಿಷಿನ ವಾಲ್, ಅಂದರೆ ಗೋಡೆ, ನಮಗೆ ಬೇಕಾಗಲೇ ಇಲ್ಲ. ‘ಕಂಪೌಂಡ್’ ಎಂಬ ಶಬ್ದ ಗೋಡೆಯ ಕೆಲಸವನ್ನು ವಹಿಸಿಕೊಂಡಿದೆ. ನಿಘಂಟಿನಲ್ಲಿ ಕಂಪೌಂಡ್ ಎಂದರೆ ಆವರಣ, ಗೋಡೆಯ ಒಳಗಿನ ಬಯಲು. ‘ಕಂಪೌಂಡ್ ಕಟ್ಟಿಸೀನಿ’ ಎನ್ನುವವರು ಕಟ್ಟಿಸಿದ್ದು ಗೋಡೆಯನ್ನು. ಈ ಶಬ್ದ ಮಲಯ ಭಾಷೆಯ ‘ಕಂಪುಂಗ್’ನಿಂದ ಬಂದಿರಬೇಕೆಂದು ಯೂಲ್ ಮತ್ತು ಬರ್ನೆಲ್ ಊಹಿಸಿದ್ದರು. ಹಾಗಿದ್ದರೆ ಇಂಗ್ಲಿಷಿನವರಿಗೂ ಅದು ಎರವಲೇ.

‘ಲೈನ್’ ಎಂಬ ಒಂದು ಸದ್ದಿನಲ್ಲಿ ಎಷ್ಟು ಅರ್ಥ ಕೂಡಿವೆ ನೋಡಬೇಕು. ವಿದ್ಯುತ್ ತಂತಿ, ರೇಷನ್ ಅಂಗಡಿಯ ಮುಂದಿನ ಸಾಲು, ಸಿಪಾಯಿಗಳ ಅಥವಾ ಪೊಲೀಸರ ಮನೆಗಳ ಸಾಲು, ಹುಡುಗಿಯ ಹಿಂದೆ ಸುತ್ತುವುದಕ್ಕೆ ಪಡ್ಡೆ ಹುಡುಗರು ಹೇಳುವ ‘ಲೈನ್ ಹೊಡಿಯೂದು’, ಇದರ ಜೊತೆಗೆ ಸಂದಿ ಎಂಬ ಅರ್ಥದ ‘ಲೇನ್’ ಕೂಡ ಎಷ್ಟೋ ಬಾಯಲ್ಲಿ ಇದೇ ಲೈನ್. ಮನೆಗಳ ಸಾಲು ಎಂಬ ಅರ್ಥ ದಂಡಿನಿಂದ ಬಂದದ್ದು. ಧಾರವಾಡದ ಪೇಡೆಗೆ ಹೆಸರಾದ ಲೈನ್ ಬಜಾರ್ ಎಲ್ಲರಿಗೂ ಗೊತ್ತು. ‘ಕ್ವಾರ್ಟರ್’ ಕೂಡ ಹೀಗೆಯೇ: ರೈಲ್ವೆ ನೌಕರನ ಮನೆಯೂ ಕ್ವಾರ್ಟರ್ಸು, 180 ಮಿಲಿಲೀಟರಿನ ಮದ್ಯದ ಬಾಟಲಿಯೂ ಕ್ವಾರ್ಟರು. ಎರಡೂ ಅರ್ಥ ಇಂಗ್ಲಿಷಿನ ಕಾಲುಭಾಗ ಎಂಬ ಒಂದೇ ಮೂಲದಿಂದ ಕವಲೊಡೆದವು.

ಅರ್ಥ ತಿರುಗುವ ಬಗೆ

ಮೊದಲನೆಯದು ಕಿರಿದಾಗುವುದು. ‘ಯಾವ ಪಾಸಿಂಗ್ ಗಾಡಿ?’ ಎಂದು ಬೆಳಗಾವಿಯಲ್ಲಿ ಕೇಳಿದರೆ ಅದರ ಅರ್ಥ, ಯಾವ ಆರ್‌ಟಿಒ ಕಚೇರಿಯಲ್ಲಿ ನೋಂದಣಿಯಾದ ಗಾಡಿ ಎಂದು. ಕೆಎ 22 ಎಂದರೆ ಬೆಳಗಾವಿ, 23 ಚಿಕ್ಕೋಡಿ, 24 ಬೈಲಹೊಂಗಲ, 49 ಗೋಕಾಕ. ಎಂಎಚ್ 09 ಇದ್ದರೆ ಕೊಲ್ಹಾಪುರ ಪಾಸಿಂಗ್. ಇಂಗ್ಲಿಷ್ ನಿಘಂಟಿನಲ್ಲಿ ಪಾಸಿಂಗ್ ಎಂದರೆ ದಾಟಿಹೋಗುವುದು, ಸಾವು ಎಂಬ ಅರ್ಥವೂ ಉಂಟು. ನೋಂದಣಿ ಎಂಬ ಅರ್ಥ ಅಲ್ಲಿ ಸಿಗುವುದಿಲ್ಲ. ‘ಬಾಂಡ್’ ಎಂದರೆ ನಮ್ಮಲ್ಲಿ ಛಾಪಾ ಕಾಗದ. ‘ಸಲಾಯಿನ್ ಹಚ್ಯಾರ’ ಎಂದರೆ ನರಕ್ಕೆ ಸೂಜಿ ಹಾಕಿ ದ್ರವ ಏರಿಸುತ್ತಿದ್ದಾರೆ ಎಂದು. ಮೂಲದಲ್ಲಿ ಸಲೈನ್ ಉಪ್ಪುನೀರು ಮಾತ್ರ; ಇದೊಂದರಲ್ಲಿ ಅರ್ಥ ಕಿರಿದಾಗದೆ ಅಗಲವಾಗಿದೆ. ‘ಸೊಸಾಯಿಟಿ’ ಎಂದರೆ ಸಮಾಜವಲ್ಲ, ಸಹಕಾರಿ ಸಂಘ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿದಾಗಿನಿಂದ ಈ ಸೀಮೆಯ ರೈತನಿಗೆ ಸಾಲ, ಗೊಬ್ಬರ, ರೇಷನ್ನು ಎಲ್ಲವೂ ಸೊಸಾಯಿಟಿಯ ಬಾಗಿಲಲ್ಲೇ. ಮುಂಬೈಯಲ್ಲಿ ಅದೇ ಶಬ್ದ ವಸತಿ ಸಮುಚ್ಚಯವಾಯಿತು.

ಎರಡನೆಯದು ಹಳೆಯ ಅರ್ಥ ನಮ್ಮಲ್ಲಿ ಬಲವಾಗಿ ಉಳಿಯುವುದು. ಪೇಟೆಯವರ ಇಂಗ್ಲಿಷಿನಲ್ಲಿ ಗ್ಯಾಂಗ್ ಎಂದೊಡನೆ ಪುಂಡರ ಗುಂಪು ನೆನಪಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ‘ಗ್ಯಾಂಗ್ ಬಂದೈತಿ’ ಎಂದರೆ ಹೊಲದೊಡೆಯನಿಗೆ ಸಮಾಧಾನ: ಕಬ್ಬು ಕಡಿಯುವ ಆಳುಗಳ ತಂಡ ಬಂತು. ಒಟ್ಟಿಗೆ ದುಡಿಯುವ ಆಳುಗಳ ತಂಡ ಎಂಬ ಅರ್ಥ ಇಂಗ್ಲಿಷಿನಲ್ಲೂ ಹಳೆಯದು. ರೈಲು ಹಳಿ ಕಾಯುವ ಗ್ಯಾಂಗ್‌ಮನ್ ಆ ಅರ್ಥವನ್ನು ಲೋಂಡಾದ ಘಟ್ಟದಲ್ಲೂ ಹೊತ್ತು ನಡೆದ. ನಮ್ಮ ರೈತ ಬಳಸುವುದು ದುಡಿಮೆಯ ಅರ್ಥವನ್ನು, ಅದರಲ್ಲಿ ತಪ್ಪೇನೂ ಇಲ್ಲ.

ಮೂರನೆಯದು ಅರ್ಥ ಒಂದರಿಂದ ಇನ್ನೊಂದಕ್ಕೆ ದಾಟುವುದು. ಇದಕ್ಕೆ ಖಾನಾಪುರದ ಕಾಡಿಗಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಅಡವಿಗೆ ಅಡವಿ ಎಂಬ ಹೆಸರೇ ಇದೆ. ‘ಫಾರೆಸ್ಟ್‌ನವರು’ ಎಂದರೆ ಇಲಾಖೆಯ ಮಂದಿ. ‘ಪಾಸ್’ ಎಂದರೆ ಕಟ್ಟಿಗೆ ಸಾಗಿಸುವ ಪರವಾನಗಿ, ‘ಡಿಪೋ’ ಎಂದರೆ ಮರದ ದಿಮ್ಮಿ ಹರಾಜಾಗುವ ಜಾಗ. ‘ರೇಂಜ್’ ಎಂದರೆ ವಲಯ. ಲೋಂಡಾ, ನಾಗರಗಾಳಿ, ಕಣಕುಂಬಿ ಇವೆಲ್ಲ ರೇಂಜುಗಳು. ಮೊಬೈಲ್ ಬಂದ ಮೇಲೆ ಅದೇ ರೇಂಜ್ ಎಂದರೆ ಸಿಗ್ನಲ್. 2011ರಲ್ಲಿ ವನ್ಯಜೀವಿ ಧಾಮವಾದ ಭೀಮಗಡದ ಒಳಗಿನ ಹಳ್ಳಿಯವನು ‘ನಮ್ಮಲ್ಲಿ ರೇಂಜ್ ಇಲ್ರಿ’ ಎಂದಾಗ, ಅವನು ಅರಣ್ಯ ವಲಯದ ನಟ್ಟನಡುವೆಯೇ ನಿಂತಿರುತ್ತಾನೆ. ‘ಅವನ ರೇಂಜೇ ಬ್ಯಾರೆ’ ಎಂದು ಯೋಗ್ಯತೆ ಅಳೆಯುವ ಪಡ್ಡೆಮಾತೂ ಇದರ ಜೊತೆಗಿದೆ. ಆಡಳಿತದ, ಯಂತ್ರದ, ಗೆಳೆತನದ ಮೂರು ಅರ್ಥಗಳು ಒಂದು ತಾಲ್ಲೂಕಿನಲ್ಲಿ ತೊಡಕಿಲ್ಲದೆ ನಡೆಯುತ್ತಿವೆ, ಏಕೆಂದರೆ ಆಡುವವರಿಗೆ ಸಂದರ್ಭ ಗೊತ್ತು.

ನೆಲದ ಶಬ್ದದ ಜೊತೆ ಕೂಡಿಕೆ

ಕನ್ನಡ, ಮರಾಠಿ, ಉರ್ದು, ಕೊಂಕಣಿ ಬೆರೆಯುವ ಈ ಊರುಗಳಲ್ಲಿ ಇಂಗ್ಲಿಷ್ ಸದ್ದು ಹೊರಗಿನದೆಂದು ಗುರುತಿಸುವುದೂ ಕಷ್ಟ. ಕಾಡಿನ ಕೆಲಸದಲ್ಲಿ ‘ಕೂಪ್’ ಎಂದರೆ ಆ ವರ್ಷ ಮರ ಕಡಿಯಲು ಗುರುತು ಹಾಕಿದ ಜಾಗ. ಕಡಿತ ಎಂಬ ಅರ್ಥದ ಫ್ರೆಂಚ್ ಶಬ್ದ ಇಂಗ್ಲಿಷ್ ಅರಣ್ಯಶಾಸ್ತ್ರದ ಮೂಲಕ ಬಂದದ್ದು. ಸಂಸ್ಕೃತದ ಕೂಪ ಎಂದರೆ ಬಾವಿ. ಎರಡಕ್ಕೂ ಸಂಬಂಧವೇ ಇಲ್ಲ. ಕೋರ್ಟಿನ ‘ಕೇಸ್’ ಮರಾಠಿಯವರ ಕಿವಿಗೆ ಕೂದಲು ಎಂಬ ಅರ್ಥದ ‘ಕೇಸ’ಕ್ಕೆ ಹತ್ತಿರ. ಜಾಮೀನಿನ ‘ಬೇಲ್’ ಮರಾಠಿಯ ಬಿಲ್ವಪತ್ರೆಯ ‘ಬೇಲ್’. ಶಿವರಾತ್ರಿಗೆ ಬೆಳಗಾವಿಯ ಕಪಿಲೇಶ್ವರ ಗುಡಿಯ ಮುಂದೆ ಮಾರುವ ಬೇಲ್ ಬೇರೆ, ನ್ಯಾಯಾಲಯದ ಮುಂದೆ ಕಾಯುವ ಬೇಲ್ ಬೇರೆ. ನಮ್ಮ ‘ಸೂಟಿ’ ರಜೆಯೇ ಹೊರತು ತೊಡುವ ಸೂಟಲ್ಲ. ಅತ್ತಿಗೆಯನ್ನು ಪ್ರೀತಿಯಿಂದ ಕರೆಯುವ ‘ವೈನಿ’ಗೂ ಅಂಗಡಿಯ ವೈನಿಗೂ ಸದ್ದಿನ ಅಂತರ ಒಂದು ಗುಣಿತದಷ್ಟೇ.

ಊಟದ ವಿಷಯದಲ್ಲಿ ‘ಕಟ್’ ಎಲ್ಲಕ್ಕಿಂತ ಶ್ರೀಮಂತ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟಿನಿಂದ ಕಟ್ಟಿನ ಸಾರು ಮಾಡುತ್ತೇವೆ. ಮರಾಠಿ ಮನೆಯಲ್ಲಿ ಅದೇ ‘ಕಟಾಚಿ ಆಮಟಿ’. ಮಿಸಳದ ಮೇಲೆ ಸುರಿಯುವ ಕೆಂಪು ರಸಕ್ಕೂ ಕಟ್ ಎನ್ನುತ್ತಾರೆ. ಅದೇ ಹೋಟೆಲಿನಲ್ಲಿ ಹೋಳು ಮಾಡಿ ಮತ್ತೆ ಕರಿದ ಕಟ್ ಮಿರ್ಚಿ, ಅರ್ಧ ಗ್ಲಾಸಿನ ಕಟಿಂಗ್ ಚಹಾ ಸಿಗುತ್ತವೆ. ಪಕ್ಕದ ಅಂಗಡಿಯಲ್ಲಿ ತಲೆಗೂದಲಿನ ಕಟಿಂಗ್. ಮೊದಲೆರಡು ಕಟ್ ನೆಲದವು, ಉಳಿದವು ಇಂಗ್ಲಿಷಿನವು, ಗಿರಾಕಿಗೆ ಎಲ್ಲವೂ ಸ್ವಂತದವು.

ಶಬ್ದಗಳು ಅಂಟಿಕೊಳ್ಳುವ ಪರಿಯೂ ಗಮನಾರ್ಹ. ಪರೀಕ್ಷೆಯಲ್ಲಿ ಅನುತ್ತೀರ್ಣನಾದವನಿಗೆ ಇಲ್ಲಿ ‘ನಪಾಸ’ ಎನ್ನುತ್ತೇವೆ. ಇಂಗ್ಲಿಷಿನ ಪಾಸಿಗೆ ನಮ್ಮ ಕಡೆಯ ‘ನ’ ಸೇರಿದೆ. ಬೇರೆ ಬೇರೆ ಭಾಷೆಯ ಪದಗಳು ಕೂಡುವ ಅರಿಸಮಾಸವನ್ನು ಒಪ್ಪದ ಹಳೆಯ ವ್ಯಾಕರಣಕಾರರು ಹುಬ್ಬು ಗಂಟಿಕ್ಕಬಹುದಾದ ಈ ಜೋಡಿ ಮರಾಠಿಯಲ್ಲೂ ನಮ್ಮಲ್ಲೂ ಗಟ್ಟಿಯಾಗಿ ನಿಂತಿದೆ.

ಪಡ್ಡೆಮಾತಿನ ಆಯುಷ್ಯ

ಕುಡಿದವನು ‘ಟೈಟ್’, ಬೈಸಿಕೊಂಡವನಿಗೆ ‘ಡೋಸ್’, ತೀರಿಕೊಂಡವನು ‘ಆಫ್’, ಬಹಳ ಚೆನ್ನಾಗಿದ್ದರೆ ‘ಒಂದ್ ನಂಬರ್’, ಕಾನೂನಿಗೆ ಹೊರಗಿನ ವ್ಯವಹಾರ ‘ಎರಡ್ ನಂಬರ್’. ಇವುಗಳಲ್ಲಿ ಹಲವು ಬೇಗ ಸವೆಯುತ್ತವೆ, ಕೆಲವು ಉಳಿಯುತ್ತವೆ. ಯಾವುದು ಉಳಿಯುತ್ತದೆಂದು ಪಂಡಿತರು ಮೊದಲೇ ಹೇಳಲಾರರು. 1710ರಲ್ಲಿ ಜೊನಾಥನ್ ಸ್ವಿಫ್ಟ್ ‘ಮಾಬ್’ ಎಂಬ ಶಬ್ದ ಇಂಗ್ಲಿಷನ್ನು ಕೆಡಿಸುತ್ತಿದೆಯೆಂದು ಕಿಡಿಕಾರಿದ. 1755ರ ಜಾನ್ಸನ್ನನ ನಿಘಂಟಿನಲ್ಲಿ ಅದು ಇತ್ತು, ಇಂದು ಅದು ಶಿಷ್ಟ ಶಬ್ದ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಲಂಡನ್ನಿನ ಬೀದಿಮಾತಿಗೇ ಪ್ರತ್ಯೇಕ ಕೋಶ ಮಾಡಿದ. ಬೀದಿಮಾತನ್ನು ಬರೆದಿಟ್ಟದ್ದರಿಂದ ಇಂಗ್ಲಿಷ್ ಬಡವಾಗಲಿಲ್ಲ.

ಗಡಿಯೂರಿನ ಪಾಲು

ಇಂಥ ಶಬ್ದಗಳು ಕರ್ನಾಟಕದಾದ್ಯಂತ ಒಂದೇ ಆಗಿಲ್ಲ. ಬೆಂಗಳೂರಿನ ‘ಸೈಟು’ ನಮ್ಮಲ್ಲಿ ಪ್ಲಾಟು. ಅಲ್ಲಿಯ ನೆಟ್‌ವರ್ಕ್ ಇಲ್ಲಿ ರೇಂಜು. ಅಲ್ಲಿಯ ಡ್ರಿಪ್ ಇಲ್ಲಿ ಸಲಾಯಿನ್. ಅಲ್ಲಿಯ ಫೇಲು ಇಲ್ಲಿ ನಪಾಸ. 1956ರವರೆಗೆ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು. ಕಚೇರಿ, ಶಾಲೆ, ವ್ಯಾಪಾರದ ಇಂಗ್ಲಿಷ್ ಪುಣೆ, ಮುಂಬೈ, ಕೊಲ್ಹಾಪುರದ ಕಡೆಯಿಂದ ಹರಿದುಬಂತು. ತಿಂಗಳ ಸಂಬಳಕ್ಕೆ ನಾವು ಹೇಳುವ ‘ಪಗಾರ’ ಪೋರ್ಚುಗೀಸಿನದು; ಗೋವೆಯೂ ನಮ್ಮ ಶಬ್ದಭಂಡಾರಕ್ಕೆ ಕೈಜೋಡಿಸಿದೆ.

ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಪ್ರಕಟಿಸಿದ ಪ್ರಬಂಧ ಜಗತ್ತಿನ ಭಾಷಾಶಾಸ್ತ್ರದಲ್ಲಿ ಹೆಸರಾಯಿತು. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿತ್ತು. ಶಬ್ದಗಳು ಮಾತ್ರ ಬೇರೆ ಉಳಿದಿದ್ದವು, ಏಕೆಂದರೆ ಮನೆಯ ಗುರುತು ಶಬ್ದದಲ್ಲಿತ್ತು. ಬೆಳಗಾವಿಯನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪಾಸಿಂಗ್, ರೇಂಜ್, ಸಲಾಯಿನ್, ಗ್ಯಾಂಗ್ ಇವು ಯಾವ ಮನೆಯ ಗುರುತೂ ಅಲ್ಲದ್ದರಿಂದ ಎಲ್ಲ ಮನೆಯವರೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಗಡಿ ದಾವೆ ಇರುವ ಊರಿನಲ್ಲಿ, ಬೋರ್ಡಿನ ಅಕ್ಷರಕ್ಕೂ ಜಗಳವಾಗಿರುವ ಊರಿನಲ್ಲಿ, ಸಂತೆಯಲ್ಲೂ ಗ್ಯಾರೇಜಿನಲ್ಲೂ ಈ ಶಬ್ದಗಳು ಎಲ್ಲರಿಗೂ ಸಲ್ಲುತ್ತವೆ. ನನಗೆ ಇವುಗಳ ಮೇಲಿರುವ ಗೌರವಕ್ಕೆ ಇದು ಮುಖ್ಯ ಕಾರಣ.

ತೊಡಕು ಎಲ್ಲಿದೆ

ಓಣಿಯ ಅರ್ಥ ಓಣಿಯಲ್ಲಿ ತೊಡಕು ಕೊಡುವುದಿಲ್ಲ. ಹೊರಗಿನವರೆದುರು, ಬರವಣಿಗೆಯಲ್ಲಿ ಕೊಡುತ್ತದೆ. ಆಸ್ಪತ್ರೆಯಲ್ಲಿ ಅದು ಜೀವದ ಪ್ರಶ್ನೆ. ‘ಬಿಪಿ ಐತಿ’ ಎಂದರೆ ರಕ್ತದೊತ್ತಡ ಹೆಚ್ಚಿದೆ ಎಂದು, ‘ಶುಗರ್ ಐತಿ’ ಎಂದರೆ ಮಧುಮೇಹ ಎಂದು. ‘ಫಿಟ್’ ಅಂದರೆ ಗಟ್ಟಿಮುಟ್ಟು, ‘ಫಿಟ್ಸ್’ ಅಂದರೆ ಮೂರ್ಛೆರೋಗ. ನಡುವೆ ಇರುವುದು ಒಂದು ಸಕಾರ. ‘ಸೀರಿಯಸ್ ಅದಾರ’ ಎಂದರೆ ಬದುಕುವುದು ಕಷ್ಟ ಎಂದು, ಗಂಭೀರ ಸ್ವಭಾವದವರು ಎಂದಲ್ಲ. 1963ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿಗೆ ದೇಶದ ನಾನಾ ಕಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ಅವರಿಗೆ ಕನ್ನಡ, ಮರಾಠಿ ಕಲಿಸುವಾಗ ಈ ಶಬ್ದಗಳ ಸ್ಥಳೀಯ ಅರ್ಥವನ್ನೂ ಕಲಿಸಬೇಕು. ಇಂಗ್ಲಿಷಿನಂತೆ ಕೇಳಿಸುವುದರಿಂದ ಅವರು ಇವುಗಳ ಅರ್ಥ ವಿಚಾರಿಸುವುದೇ ಇಲ್ಲ.

ಶಾಲೆಯಲ್ಲಿ ಆಗುವ ಗಾಯ ಬೇರೆ ಬಗೆಯದು. ಮನೆಯಲ್ಲಿ ಕೇಳಿದ ಅರ್ಥದಲ್ಲಿ ಪಾಸಿಂಗ್, ಕಂಪೌಂಡ್ ಎಂದು ಇಂಗ್ಲಿಷ್ ಉತ್ತರಪತ್ರಿಕೆಯಲ್ಲಿ ಬರೆದ ಮಗುವಿಗೆ ಕೆಂಪು ಗೆರೆ ಬೀಳುತ್ತದೆ, ಕೆಲವೊಮ್ಮೆ ನಗೆಯೂ. ಅಪ್ಪ ಅವ್ವ ಆಡುವ ಮಾತು ಕೀಳು ಎಂಬ ಪಾಠ ಅಲ್ಲಿ ಶುರುವಾಗುತ್ತದೆ. ‘ಇದು ನಮ್ಮ ಮಾತಿನಲ್ಲಿ ಸರಿ, ಇಂಗ್ಲಿಷಿನಲ್ಲಿ ಇದಕ್ಕೆ ಹೀಗನ್ನುತ್ತಾರೆ’ ಎಂದು ಎರಡು ಕಾಲಮ್ಮುಗಳಲ್ಲಿ ಬರೆದು ತೋರಿಸಿದರೆ ಮಗು ಇಂಗ್ಲಿಷನ್ನೂ ಕಲಿಯುತ್ತದೆ, ಮನೆಯ ಮಾತಿನ ಗೌರವವನ್ನೂ ಉಳಿಸಿಕೊಳ್ಳುತ್ತದೆ.

ನಿಘಂಟುಗಳು ಮಾಡಿದ್ದು, ಮಾಡಬೇಕಾದದ್ದು

ಕಿಟೆಲ್ 1894ರ ತನ್ನ ಮಹಾಕೋಶದಲ್ಲಿ ಮರಾಠಿ, ಹಿಂದೂಸ್ತಾನಿ ಮೂಲದ ಶಬ್ದಗಳನ್ನು ಗುರುತಿಸಿ ಸೇರಿಸಿದ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಹೊರಬಂತು. ಅದು ಶಾಸನ, ಕಾವ್ಯ, ಗ್ರಂಥಗಳ ಪ್ರಯೋಗಗಳ ಮೇಲೆ ನಿಂತದ್ದು, ಬರಹಕ್ಕೆ ಇಳಿಯದ ಬಾಯಿಮಾತು ಅದರ ವ್ಯಾಪ್ತಿಗೆ ಬರುವುದು ಕಷ್ಟವಿತ್ತು. ಜಿ. ವೆಂಕಟಸುಬ್ಬಯ್ಯನವರು ‘ಎರವಲು ಪದಕೋಶ’ ಕೊಟ್ಟರು. 1991ರಲ್ಲಿ ಪ್ರಜಾವಾಣಿಯಲ್ಲಿ ಆರಂಭಿಸಿದ ‘ಇಗೋ ಕನ್ನಡ’ದ ಮೂಲಕ ಸಾಮಾನ್ಯ ಓದುಗನ ಶಬ್ದ ಜಿಜ್ಞಾಸೆಗೆ ಮರ್ಯಾದೆ ತಂದರು. ಘೋಡಗೇರಿಯ ಚಂದ್ರಶೇಖರ ಕಂಬಾರರು ಈ ಸೀಮೆಯ ಮಾತನ್ನು ಸಾಹಿತ್ಯದ ಎತ್ತರಕ್ಕೆ ಏರಿಸಿದರು. ಉಳಿದಿರುವ ಕೆಲಸ ಸ್ಥಳ, ಅರ್ಥ, ಬಳಕೆ ಮೂರನ್ನೂ ಹೇಳುವ ಪ್ರಾದೇಶಿಕ ಕೋಶ. ಒಂದು ನಮೂದು ಹೀಗಿರಬಹುದು: ‘ಪಾಸಿಂಗ್. ಇಂಗ್ಲಿಷ್ ಮೂಲ. ಬೆಳಗಾವಿ ಸೀಮೆಯ ಕನ್ನಡ, ಮರಾಠಿಗಳಲ್ಲಿ ಬಳಕೆ. ವಾಹನದ ನೋಂದಣಿ; ನೋಂದಣಿಯಾದ ಊರು. ಆರ್‌ಟಿಒ ತಪಾಸಣೆಯಲ್ಲಿ ಗಾಡಿ ಪಾಸಾಗುವುದು ಎಂಬ ಅರ್ಥದಿಂದ. ಇಂಗ್ಲಿಷಿನಲ್ಲಿ ಈ ಅರ್ಥವಿಲ್ಲ.’

2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ಇದೆ. ಕನ್ನಡ, ಮರಾಠಿ ವಿಭಾಗದ ವಿದ್ಯಾರ್ಥಿಗಳು ಜೊತೆಯಾಗಿ ಗ್ಯಾರೇಜು, ಕೋರ್ಟಿನ ಅಂಗಳ, ಕಬ್ಬಿನ ಹೊಲ, ಲೋಂಡಾದ ಪ್ಲಾಟ್‌ಫಾರಂ, ಖಾನಾಪುರದ ಹೆಂಚಿನ ಭಟ್ಟಿಗಳಿಗೆ ಹೋಗಿ ಶಬ್ದ ಸಂಗ್ರಹಿಸಬಹುದು. ಮೊದಲು ಕೇಳಬೇಕಾದದ್ದು ಕಾಡಿನಲ್ಲಿ, ರೈಲಿನಲ್ಲಿ ದುಡಿದು ನಿವೃತ್ತರಾದ ಹಿರಿಯರನ್ನು. ಕೂಪಿನಂಥ ಶಬ್ದಗಳನ್ನು ಕೆಲಸದ ಅನುಭವದಿಂದ ಬಲ್ಲವರು ಅವರು, ಮತ್ತು ಆ ಪೀಳಿಗೆ ಕಡಿಮೆಯಾಗುತ್ತಿದೆ. ಈ ಸಂಗ್ರಹಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಕಿವಿಗೊಟ್ಟು ಕೇಳುವ ಹುಡುಗರು, ಅವರನ್ನು ಕಳಿಸುವ ಅಧ್ಯಾಪಕರು, ಬಂದ ಶಬ್ದಕ್ಕೆ ತಪ್ಪೆಂಬ ಹಣೆಪಟ್ಟಿ ಹಚ್ಚದ ಸಂಪಾದಕರು ಸಿಕ್ಕರೆ ಈ ವರ್ಷವೇ ಶುರು ಮಾಡಬಹುದು.